ತನ್ನದೇ ಹಾಡನ್ನು ಮತ್ತೆ ಕಲಿತ ಗಾಯಕ: ಡೆಲ್ಟಾ ಬ್ಲೂಸ್‌ನ ಒಂದು ಪ್ರಕರಣ

1964ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಎಂಬ ಊರಿಗೆ ಮೂವರು ಬಿಳಿಯ ಯುವಕರು ಒಬ್ಬ ಗಾಯಕನನ್ನು ಹುಡುಕಿಕೊಂಡು ಬಂದರು. ಗಾಯಕನಿಗೆ ಆಗ 62 ವರ್ಷ. ಅವರು 1930ರಲ್ಲಿ ಹಾಡಿದ್ದ ಕೆಲವೇ ಕೆಲವು ಡಿಸ್ಕ್‌ಗಳು ಈ ಯುವಕರ ತಲೆ ಕೆಡಿಸಿದ್ದವು. ಹುಡುಕಿದ ಮನುಷ್ಯ ಕೊನೆಗೂ ಸಿಕ್ಕರು. ಆದರೆ ಮನೆಯಲ್ಲಿ ಗಿಟಾರ್ ಇರಲಿಲ್ಲ. ಗಿಟಾರ್ ತಂದು ಕೈಗೆ ಕೊಟ್ಟಾಗ ಇನ್ನೊಂದು ವಿಷಯ ಗೊತ್ತಾಯಿತು: ಹಳೆಯ ಹಾಡುಗಳನ್ನು ನುಡಿಸುವುದು ಅವರಿಗೆ ಮರೆತೇ ಹೋಗಿತ್ತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಈ ಬರಹದಲ್ಲಿ ನೋಡಲು ಹೊರಟಿರುವುದು ಇದೊಂದನ್ನೇ. ಗಾಯಕನ ಹೆಸರು, ಹುಡುಕಿದವರ ಹೆಸರು ಬರೆಯುತ್ತಿಲ್ಲ. ಗುಟ್ಟೇನೂ ಇಲ್ಲ, ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ ಹಾಡಿನ ಪ್ರಕಾರ, ಕೇಳುವವರು ಇಷ್ಟರಲ್ಲೇ ಹಿಡಿದುಬಿಟ್ಟಿರಬಹುದು. ಆದರೆ ಹೆಸರು ಬಂದ ಕೂಡಲೇ ಅದರ ಹಿಂದೆ ದಂತಕತೆ ಬರುತ್ತದೆ. ದಂತಕತೆ ಬಂದರೆ ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನೋದು ಮರೆಯಾಗುತ್ತದೆ. ನಮಗೆ ಬೇಕಿರುವುದು ಆ ತೀರ್ಮಾನಗಳು.

ಮೊದಲ ಬದುಕು

ಮಿಸಿಸಿಪ್ಪಿ ಡೆಲ್ಟಾ ಅಂದರೆ ನದಿ ಸಮುದ್ರ ಸೇರುವ ಜಾಗ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದಲ್ಲ. ಸಮುದ್ರದಿಂದ ಬಹಳ ಮೇಲೆ, ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ ಇರುವ ಚಪ್ಪಟೆ ಬಯಲು ಅದು. ಪ್ರವಾಹ ತಂದು ಹಾಕಿದ ಮಣ್ಣು, ಕಣ್ಣು ಹಾಯಿಸಿದಷ್ಟೂ ಹತ್ತಿ. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೂ ಹೊಲದಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಕಪ್ಪು ಜನರೇ. ಜಮೀನು ಒಡೆಯನದು, ಬೆಳೆಯಲ್ಲಿ ಪಾಲು. ಬೀಜ, ಹಿಟ್ಟು, ಬಟ್ಟೆ ಎಲ್ಲ ಒಡೆಯನ ಅಂಗಡಿಯಿಂದ ಸಾಲ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಕೈಯಲ್ಲಿ ಏನೂ ಉಳಿಯದೆ, ಎಷ್ಟೋ ಸಲ ಸಾಲವೇ ಉಳಿಯುತ್ತಿತ್ತು. ಶನಿವಾರ ರಾತ್ರಿ ಜೂಕ್ ಎನ್ನುವ ಗುಡಿಸಲಿನಂಥ ಜಾಗಗಳಲ್ಲಿ ಕುಡಿತ, ಕುಣಿತ, ಗಿಟಾರ್. ಭಾನುವಾರ ಬೆಳಗ್ಗೆ ಚರ್ಚು. ಎರಡಕ್ಕೂ ಹೋಗುವವರು ಇದ್ದರು. ಆದರೆ ಚರ್ಚಿನವರ ಕಣ್ಣಲ್ಲಿ ಬ್ಲೂಸ್ ಸೈತಾನನ ಸಂಗೀತ.

ನಮ್ಮ ಗಾಯಕ 1902ರಲ್ಲಿ ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಹುಟ್ಟಿದರು ಎನ್ನುತ್ತದೆ ದಾಖಲೆ. ತಂದೆ ಅಣ್ಣತಮ್ಮಂದಿರ ಜೊತೆ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದರು. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಮಗನನ್ನು ಲೂಯಿಸಿಯಾನಾಕ್ಕೆ ಕರೆದುಕೊಂಡು ಹೋದರು. ಹುಡುಗ ಬೆಳೆದದ್ದೆಲ್ಲ ಚರ್ಚಿನಲ್ಲಿ. 15ನೇ ವಯಸ್ಸಿಗೇ ಪ್ರವಚನ ಕೊಡುತ್ತಿದ್ದರಂತೆ. ಗಿಟಾರ್ ಮುಟ್ಟುವುದೇ ಪಾಪ ಅಂತ ನಂಬಿದ್ದರು. ಹತ್ತಿ ಬಿಡಿಸಿದರು, ಮರದಿಂದ ಇಳಿಬೀಳುವ ಪಾಚಿ ಕಿತ್ತು ಮಾರಿದರು, ಕಾರ್ಖಾನೆಯಲ್ಲಿ ದುಡಿದರು. ಆದರೆ ತಾನು ಪಾದ್ರಿ ಅನ್ನೋ ಭಾವನೆ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

25ರ ಸುಮಾರಿಗೆ ಎಲ್ಲ ತಲೆಕೆಳಗಾಯಿತು. ಯಾರೋ ಬೆರಳಿಗೆ ಬಾಟಲಿಯ ಕತ್ತು ಸಿಕ್ಕಿಸಿಕೊಂಡು ಗಿಟಾರ್ ತಂತಿಯ ಮೇಲೆ ಜಾರಿಸುತ್ತಾ ನುಡಿಸುವುದನ್ನು ಕೇಳಿದರು. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತುವ ಬದಲು ಜಾರಿಕೊಂಡು ಹೋಗುವ ನಾದ ಅದು. ಗೋಟುವಾದ್ಯ ಕೇಳಿದವರಿಗೆ ಇದು ಚೆನ್ನಾಗಿ ಗೊತ್ತು. ಗಾಯಕ ಒಂದೂವರೆ ಡಾಲರ್ ಕೊಟ್ಟು ಒಂದು ಹಳೆಯ ಗಿಟಾರ್ ಕೊಂಡರು. ಅದಕ್ಕೆ ಇದ್ದದ್ದು ಐದೇ ತಂತಿ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಬಲ್ಲವರೊಬ್ಬರು ಅದನ್ನು ರಿಪೇರಿ ಮಾಡಿ, ಶ್ರುತಿ ಮಾಡಿಕೊಟ್ಟರು.

ಇಲ್ಲಿ ಒಂದು ವಿಷಯ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. ಇವರ ಗಂಟಲು ಪಳಗಿದ್ದು ಬಾಲ್ಯದಿಂದ, ಮೈಕಿಲ್ಲದ ಚರ್ಚಿನಲ್ಲಿ. ಬೆರಳು ಪಳಗಿದ್ದು 25 ದಾಟಿದ ಮೇಲೆ, ಅದೂ ಅವಸರದಲ್ಲಿ.

ಅವಸರ ಅಂದೆ, ಯಾಕಂದ್ರೆ ಮುಂದಿನದೆಲ್ಲ ಮೂರೇ ವರ್ಷದಲ್ಲಿ ಆಗಿಹೋಯಿತು. 1928ರಲ್ಲಿ ಒಂದು ಜೂಕ್‌ನಲ್ಲಿ ಗುಂಡು ಹಾರಿತು. ಎದುರಿನವನು ಮೊದಲು ಹೊಡೆದ, ನನ್ನ ಕಾಲಿಗೆ ತಾಗಿತು, ನಾನು ತಿರುಗಿ ಹೊಡೆದೆ ಅನ್ನುವುದು ಗಾಯಕನ ಮಾತು. ಆ ಮನುಷ್ಯ ಸತ್ತ. 15 ವರ್ಷದ ಶಿಕ್ಷೆಯಾಗಿ ಪಾರ್ಚ್‌ಮನ್‌ಗೆ ಹೋದರು. ಪಾರ್ಚ್‌ಮನ್ ಅಂದರೆ ಜೈಲು ಹೌದು, ಕೈದಿಗಳಿಂದ ಹತ್ತಿ ಬೆಳೆಸುವ ತೋಟವೂ ಹೌದು. ಸುಮಾರು ಎರಡು ವರ್ಷಕ್ಕೇ ಬಿಡುಗಡೆ ಸಿಕ್ಕಿತು. ಕ್ಲಾರ್ಕ್ಸ್‌ಡೇಲ್ ಕಡೆ ಮತ್ತೆ ಕಾಲಿಡಬೇಡ ಅಂತ ನ್ಯಾಯಾಧೀಶರು ಹೇಳಿದರಂತೆ. ಹಾಗಾಗಿ ಲೂಲಾ ಎಂಬ ಊರಿಗೆ ಬಂದರು. ಅಲ್ಲಿ ಸಿಕ್ಕವರು ಚಾರ್ಲಿ ಪ್ಯಾಟನ್, ಆ ಹೊತ್ತಿಗಾಗಲೇ ಡೆಲ್ಟಾದಲ್ಲಿ ಹೆಸರು ಮಾಡಿದ್ದ ಗಾಯಕ.

1930ರಲ್ಲಿ ಪ್ಯಾಟನ್ ಜೊತೆ ಕಾರಿನಲ್ಲಿ ಉತ್ತರಕ್ಕೆ, ವಿಸ್ಕಾನ್ಸಿನ್ ರಾಜ್ಯದ ಗ್ರಾಫ್ಟನ್‌ಗೆ ಹೋದರು. ಅಲ್ಲಿ ಪ್ಯಾರಮೌಂಟ್ ಕಂಪನಿಯ ಸ್ಟುಡಿಯೋ. ಆ ಕಂಪನಿಯ ಮೂಲ ವ್ಯಾಪಾರ ಕುರ್ಚಿ, ಪೀಠೋಪಕರಣ. ಗ್ರಾಮಫೋನ್ ಪೆಟ್ಟಿಗೆ ಮಾಡುತ್ತಾ ಮಾಡುತ್ತಾ ಡಿಸ್ಕ್ ಮಾಡಲು ಹೊರಟವರು. ಒಂದು ಡಿಸ್ಕ್‌ನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಾಯಕನ ಕೆಲವು ಹಾಡುಗಳು ಅದರಲ್ಲಿ ಹಿಡಿಯಲಿಲ್ಲ. ಹಾಗಾಗಿ ಅಂಥ ಒಂದೊಂದು ಹಾಡನ್ನು ಎರಡು ತುಂಡು ಮಾಡಿ ಎರಡು ಮಗ್ಗುಲಿಗೆ ಹಾಕಿದರು. ಒಂದು ಹಾಡು ಪಾದ್ರಿಗಳನ್ನು ಗೇಲಿ ಮಾಡಿತು. ಇನ್ನೊಂದು ಆ ವರ್ಷ ಡೆಲ್ಟಾವನ್ನು ಒಣಗಿಸಿದ ಬರದ ಬಗ್ಗೆ. ಮತ್ತೊಂದರ ಎರಡನೇ ಭಾಗದಲ್ಲಿ, ಪ್ರೀತಿಸಿದವಳು ಸತ್ತಳು ಅಂತ ಕಾಗದ ಬರುವ ಪ್ರಸಂಗ.

40 ಡಾಲರ್ ಸಿಕ್ಕಿತು ಅಂತ ಅವರು ನೆನಪಿಸಿಕೊಂಡಿದ್ದಾರೆ. ಹತ್ತಿ ಹೊಲದಲ್ಲಿ ಅಷ್ಟು ದುಡ್ಡು ನೋಡಬೇಕಾದರೆ ಹತ್ತಿರ ಹತ್ತಿರ ಒಂದು ವರ್ಷ ಬೇಕಿತ್ತು. ರಾಯಲ್ಟಿ ಅನ್ನೋ ಮಾತೇ ಇಲ್ಲ. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂದಿತ್ತು, ಡಿಸ್ಕ್ ಕೊಳ್ಳುವವರಿರಲಿಲ್ಲ. ಎರಡು ವರ್ಷದಲ್ಲಿ ಪ್ಯಾರಮೌಂಟ್ ರೆಕಾರ್ಡಿಂಗ್ ನಿಲ್ಲಿಸಿತು. ಗಾಯಕನ ಡಿಸ್ಕ್‌ಗಳು ಎಷ್ಟು ಅಪರೂಪ ಅಂದರೆ, ಅವುಗಳಲ್ಲಿ ಒಂದರ ಪ್ರತಿ ಸಂಗ್ರಾಹಕರ ಕೈಗೆ ಸಿಕ್ಕಿದ್ದೇ 2005ರಲ್ಲಿ.

ಆಮೇಲಿನ ಹತ್ತು ವರ್ಷ ಟ್ರ್ಯಾಕ್ಟರ್ ಓಡಿಸುವುದು, ವಾರದ ಕೊನೆಗೆ ಜೊತೆಗಾರನೊಬ್ಬನ ಸಂಗಡ ನುಡಿಸುವುದು, ನಡುನಡುವೆ ಮತ್ತೆ ಚರ್ಚು. ಇವರ ಹಿಂದೆ ಮುಂದೆ ಸುತ್ತುತ್ತಿದ್ದ ಒಬ್ಬ ಹುಡುಗ ಆಗ ಗಿಟಾರ್ ಮುಟ್ಟಿದರೆ ಜನ ಬಯ್ಯುತ್ತಿದ್ದರಂತೆ. ಆ ಹುಡುಗ ಮುಂದೆ ಬ್ಲೂಸ್‌ನಲ್ಲಿ ದೊಡ್ಡ ಹೆಸರಾದ ರಾಬರ್ಟ್ ಜಾನ್ಸನ್. ಇನ್ನೊಬ್ಬ ಹೆಸರಾಂತ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಕೂಡ ಇವರನ್ನು ನೋಡಿ ಕಲಿತೆ ಅಂದವರೇ.

1941ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಬಂದರು. ಲೇಕ್ ಕಾರ್ಮೊರಂಟ್ ಎಂಬಲ್ಲಿ ರೈಲು ಹಳಿ ಪಕ್ಕದ ಒಂದು ದಿನಸಿ ಅಂಗಡಿಯಲ್ಲಿ ರೆಕಾರ್ಡಿಂಗ್. ಹಾಡು ನಡೆಯುತ್ತಿರುವಾಗಲೇ ರೈಲೊಂದು ಹಾದುಹೋಗುತ್ತದೆ. ಇಂದು ಕೇಳಿದರೂ ಅದರ ಸದ್ದು ಸ್ಪಷ್ಟವಾಗಿ ಕೇಳುತ್ತದೆ, ಯಾರೂ ಹಾಡು ನಿಲ್ಲಿಸಿಲ್ಲ. ಮರುವರ್ಷ ಲೋಮ್ಯಾಕ್ಸ್ ಮತ್ತೆ ಬಂದರು. ಕೈಗೆ ಸಿಕ್ಕಿದ್ದು ತಣ್ಣನೆಯ ಒಂದು ಕೋಕಾಕೋಲಾ ಬಾಟಲಿ ಅಂತ ಗಾಯಕ ಹೇಳುತ್ತಿದ್ದರು. ದೂರು ಹೇಳುವಂತೆ ಹೇಳಿದರೋ ತಮಾಷೆಗೋ ತಿಳಿಯುವುದು ಕಷ್ಟ. ನನಗಂತೂ 40 ಡಾಲರ್‌ಗಿಂತ ಈ ಬಾಟಲಿಯ ಲೆಕ್ಕವೇ ಜಾಸ್ತಿ ಕಾಡುತ್ತದೆ.

1943ರಲ್ಲಿ ರಾಚೆಸ್ಟರ್‌ಗೆ ಹೋದರು. ದಕ್ಷಿಣದ ಲಕ್ಷಾಂತರ ಕಪ್ಪು ಜನ ಉತ್ತರದ ಕಾರ್ಖಾನೆಗಳಿಗೆ ಹೊರಟಿದ್ದ ಕಾಲ. ಮೊದಲು ಕಾರ್ಖಾನೆ, ಆಮೇಲೆ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಕೆಲಸ. 1952ರಲ್ಲಿ ಆ ಹಳೆಯ ಜೊತೆಗಾರ ತೀರಿಕೊಂಡ. ಗಾಯಕ ಗಿಟಾರ್ ಕೆಳಗಿಟ್ಟರು.

ಹುಡುಕಾಟ, ಆಮೇಲಿನ ಪೇಚು

ಅರವತ್ತರ ದಶಕದ ಮೊದಲಲ್ಲಿ ಅಮೆರಿಕದ ಕಾಲೇಜು ಊರುಗಳಲ್ಲಿ ಹಳೆಯ ಬ್ಲೂಸ್ ಡಿಸ್ಕ್‌ಗಳ ಹುಚ್ಚು ಹಬ್ಬಿತ್ತು. 1963ರಲ್ಲಿ ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಹಳೆಯ ಗಾಯಕ ಸಿಕ್ಕಿದ್ದರು. ಹಾಡಿನಲ್ಲಿ ತನ್ನ ಊರು ಅವಲಾನ್ ಅಂತ ಹೇಳಿದ್ದರು, ಭೂಪಟದಲ್ಲಿ ಆ ಊರು ಹುಡುಕಿ ಹೋದರೆ ಮನುಷ್ಯ ಅಲ್ಲೇ ಇದ್ದರು. ಇಷ್ಟು ಸುಲಭವಾಗಿ ಒಬ್ಬರು ಸಿಕ್ಕರೆ ಬೇರೆಯವರಿಗೂ ಆಸೆ ಹುಟ್ಟುತ್ತದೆ ಅಲ್ವಾ?

ನಮ್ಮ ಗಾಯಕನ ಸುಳಿವು ಸಿಕ್ಕಿದ್ದು ಸುಳ್ಳು ಸುದ್ದಿಯಿಂದ. ಮೆಂಫಿಸ್‌ನಲ್ಲಿ ಯಾರೋ ನೋಡಿದರಂತೆ ಅನ್ನುವ ಮಾತು ನಂಬಿ ಮೂವರು ಸಣ್ಣ ಕಾರಿನಲ್ಲಿ ದಕ್ಷಿಣಕ್ಕೆ ಹೊರಟರು. ದಾರಿ ತೋರಿಸಲು ಜೊತೆಗೆ ಬಂದವರು ರೆವರೆಂಡ್ ರಾಬರ್ಟ್ ವಿಲ್ಕಿನ್ಸ್. ಅವರೂ ಒಂದು ಕಾಲದಲ್ಲಿ ಬ್ಲೂಸ್ ಹಾಡಿ, ಆಮೇಲೆ ಅದನ್ನು ಬಿಟ್ಟು ಪಾದ್ರಿಯಾದವರು. 1964ರ ಆ ಬೇಸಿಗೆ ಮಿಸಿಸಿಪ್ಪಿಯಲ್ಲಿ ಕಪ್ಪು ಜನರಿಗೆ ಮತದ ಹಕ್ಕು ಕೊಡಿಸುವ ಚಳವಳಿ ನಡೆಯುತ್ತಿತ್ತು. ಜೂನ್ 21ರ ರಾತ್ರಿ ಮೂವರು ಕಾರ್ಯಕರ್ತರ ಕೊಲೆಯಾಯಿತು. ಉತ್ತರದಿಂದ ಬಂದ ಬಿಳಿಯರು ಕಪ್ಪು ಪಾದ್ರಿಯ ಜೊತೆ ಕಾರಿನಲ್ಲಿ ತಿರುಗುವುದು ಆಗ ತಮಾಷೆಯ ವಿಷಯ ಆಗಿರಲಿಲ್ಲ.

ಒಬ್ಬರು ಇನ್ನೊಬ್ಬರ ವಿಳಾಸ ಕೊಟ್ಟು, ಅವರು ಮತ್ತೊಬ್ಬರ ಹೆಸರು ಹೇಳಿ, ಸುಳಿವು ಡೆಟ್ರಾಯಿಟ್‌ಗೆ ಹೋಗಿ, ಅಲ್ಲಿಂದ ರಾಚೆಸ್ಟರ್‌ಗೆ ಬಂದು ನಿಂತಿತು. ಡೆಲ್ಟಾದ ಗಾಯಕ ಡೆಲ್ಟಾದಲ್ಲೇ ಇರಬೇಕು ಅಂತ ಹುಡುಕಿದವರು ಅಂದುಕೊಂಡಿದ್ದರು. ಆ ಮನುಷ್ಯ ಡೆಲ್ಟಾ ಬಿಟ್ಟು 21 ವರ್ಷ ಆಗಿತ್ತು. ಕಲಾವಿದನ ಬದುಕು ಡಿಸ್ಕ್ ನಿಂತ ಜಾಗದಲ್ಲೇ ನಿಂತಿರುತ್ತದೆ ಅನ್ನುವ ಭ್ರಮೆ ಇದರಿಂದಲೇ ಶುರುವಾಗುತ್ತದೆ. ಮುಂದೆಯೂ ಅದು ಕಾಡಿತು.

ಈಗ ಪೇಚು. ಜಾನ್ ಹರ್ಟ್ ಸಿಕ್ಕಾಗ ಅವರ ಬೆರಳುಗಳಲ್ಲಿ ಹಾಡು ಹಾಗೆಯೇ ಇತ್ತು. ಇಲ್ಲಿ ಹಾಗಿರಲಿಲ್ಲ. ಕೈ ನಡುಗುತ್ತಿತ್ತು. ಒಂದು ಗುಟುಕು ಕುಡಿದರೆ ನಡುಕ ನಿಲ್ಲುತ್ತಿತ್ತು, ಜಾಸ್ತಿ ಕುಡಿದರೆ ಎಲ್ಲ ಕೆಡುತ್ತಿತ್ತು. ಹಾಡಿನ ತುಣುಕುಗಳು ನೆನಪಿದ್ದವು, ಪೂರ್ತಿ ಹಾಡು ಕೈಗೆ ಬರುತ್ತಿರಲಿಲ್ಲ.

ಹುಡುಕಿದವರ ಮುಂದೆ ಮೂರು ದಾರಿ ಇದ್ದವು ಅಂತ ನನಗೆ ಕಾಣುತ್ತದೆ. ಒಂದು, ಸಂದರ್ಶನ ಮಾಡಿ, ನೆನಪುಗಳನ್ನು ಬರೆದುಕೊಂಡು, ಕೈ ಮುಗಿದು ಹೊರಡುವುದು. ಎರಡು, ಈಗ ಹೇಗೆ ಹಾಡುತ್ತಾರೋ ಹಾಗೇ ವೇದಿಕೆಗೆ ತರುವುದು. ಮೂರು, ಹಳೆಯದನ್ನು ಮತ್ತೆ ಕಲಿಸುವುದು. ಮೊದಲನೆಯದರಲ್ಲಿ ಇತಿಹಾಸಕ್ಕೆ ಲಾಭ, ಗಾಯಕನಿಗೆ ಇಲ್ಲ. ಎರಡನೆಯದು ಪ್ರಾಮಾಣಿಕ, ಆದರೆ ದುಡ್ಡು ಕೊಟ್ಟು ಬಂದವರು ಎದ್ದು ಹೋದರೆ ಅವಮಾನವಾಗುವುದು ಅವರಿಗೇ. ಮೂರನೆಯದರಲ್ಲಿ ಒಂದು ಮುಜುಗರ ಇದೆ: ಕಲಿಸುವವರು ಯಾರು?

ಮೊಣಕಾಲಿಗೆ ಮೊಣಕಾಲು

ಕಲಿಸಿದ್ದು ಮ್ಯಾಸಚೂಸೆಟ್ಸ್‌ನ ಒಬ್ಬ ಹುಡುಗ. ಆಗ ತಾನೇ 21 ತುಂಬಿದವನು. ದೃಷ್ಟಿ ತುಂಬ ಮಂದ, ಕಿವಿ ಅಸಾಧ್ಯ ಚುರುಕು. ಹಳೆಯ ಡಿಸ್ಕ್‌ಗಳನ್ನು ಕೇಳಿ ಕೇಳಿ ಒಂದೊಂದು ತಂತಿಯ ಪೆಟ್ಟನ್ನೂ ಬಿಡಿಸಿ ಇಟ್ಟುಕೊಂಡಿದ್ದ. ಮುಂದೆ ಅವನೇ ಒಂದು ಹೆಸರಾಂತ ರಾಕ್ ತಂಡ ಕಟ್ಟಿದ, 27ಕ್ಕೇ ತೀರಿಕೊಂಡ. ಅದು ಬೇರೆ ಕಥೆ.

ಇಬ್ಬರೂ ಎದುರೆದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಇಬ್ಬರ ಕೈಯಲ್ಲೂ ಗಿಟಾರ್. ಹುಡುಗ ನುಡಿಸಿ ತೋರಿಸುತ್ತಿದ್ದ: 1930ರಲ್ಲಿ ನೀವು ಇದನ್ನು ಹೀಗೆ ನುಡಿಸಿದ್ದಿರಿ, ಲೋಮ್ಯಾಕ್ಸ್ ಬಂದಾಗ ಇಲ್ಲಿ ಹೀಗೆ ಬದಲಾಯಿಸಿದ್ದಿರಿ. ಹೌದಲ್ಲ, ನೆನಪಾಗ್ತಿದೆ ಅನ್ನುವ ಹಾಗೆ ಗಾಯಕ ತಲೆಯಾಡಿಸಿ ತಾವೂ ನುಡಿಸುತ್ತಿದ್ದರು.

ಇದರ ತಾಂತ್ರಿಕ ಭಾಗ ಸ್ವಲ್ಪ ನೋಡಬೇಕು, ಯಾಕೆ ಇದು ಸಾಧ್ಯವಾಯಿತು ಅನ್ನುವುದು ಅಲ್ಲಿದೆ. ಈ ಶೈಲಿಯಲ್ಲಿ ಗಿಟಾರ್ ತಂತಿಗಳನ್ನು ಮೊದಲೇ ಒಂದು ಕಾರ್ಡ್‌ಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ, ಶ್ರುತಿ ಮಾಡಿರುತ್ತಾರೆ. ಎಡಗೈ ಏನನ್ನೂ ಒತ್ತದಿದ್ದರೂ ತಂತಿಗಳೆಲ್ಲ ಸೇರಿ ಹಿತವಾಗಿ ನುಡಿಯುತ್ತವೆ. ಎಡಗೈ ಬೆರಳಿಗೆ ಹಾಕಿದ ಕೊಳವೆ ಎರಡು ಮೂರು ಜಾಗಕ್ಕೆ ಜಾರಿ ಹೋಗಿ ಬರುತ್ತದೆ. ಕಷ್ಟ ಇರುವುದು ಬಲಗೈಯಲ್ಲಿ. ಹೆಬ್ಬೆರಳು ಕೆಳಸ್ವರದ ತಂತಿಗೆ ಬಡಿಯುತ್ತದೆ, ಬೆರಳುಗಳು ಮೇಲಿನ ತಂತಿಯನ್ನು ಎಳೆದು ಬಿಡುತ್ತವೆ, ತಂತಿ ಮರಕ್ಕೆ ಹೊಡೆದು ಚಟ್ ಅನ್ನುತ್ತದೆ. ಈ ಗಾಯಕನ ಶೈಲಿ ನಯವಾದ ಬೆರಳಾಟದ್ದಲ್ಲ, ಪೆಟ್ಟಿನದು. ಪೆಟ್ಟು ಲಯಕ್ಕೆ ಬಿದ್ದರೆ ಸಾಕು, ಸ್ವರ ಅಲ್ಲಿ ಇಲ್ಲಿ ತಪ್ಪಿದರೂ ಹಾಡು ಕುಸಿಯುವುದಿಲ್ಲ. ಇವರ ಹಾಡು ನಾಜೂಕಿನ ಬೆರಳಾಟದ ಮೇಲೆ ನಿಂತಿದ್ದರೆ, ಈ ವಯಸ್ಸಿನಲ್ಲಿ, ನಡುಗುವ ಕೈಯಲ್ಲಿ ಅದು ಮತ್ತೆ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಗಂಟಲನ್ನು ಯಾರೂ ಕಲಿಸಬೇಕಾಗಲಿಲ್ಲ. ಅದು ಮರೆತಿರಲಿಲ್ಲ.

ಈ ತೀರ್ಮಾನದ ಬಗ್ಗೆ ಬ್ಲೂಸ್ ಲೋಕದಲ್ಲಿ ಇಂದೂ ತಕರಾರಿದೆ. ಬಿಳಿಯ ಹುಡುಗನೊಬ್ಬ ಕಪ್ಪು ಗುರುವಿಗೆ ಅವರದ್ದೇ ಸಂಗೀತ ಕಲಿಸಿದ ಅನ್ನುವ ಮಾತು ಹೊಗಳಿಕೆಯಾಗಿಯೂ ಬರುತ್ತದೆ, ಕುಹಕವಾಗಿಯೂ ಬರುತ್ತದೆ. ನನಗೆ ಎರಡೂ ಅತಿ ಅನ್ನಿಸುತ್ತದೆ. ಹುಡುಗನ ಬಳಿ ಇದ್ದದ್ದೆಲ್ಲ ಈ ಮನುಷ್ಯ ಒಂದು ದಿನ ಗ್ರಾಫ್ಟನ್‌ನಲ್ಲಿ, ಇನ್ನೊಂದೆರಡು ದಿನ ಲೋಮ್ಯಾಕ್ಸ್ ಮುಂದೆ ನುಡಿಸಿದ್ದು. ಅಡವಿಟ್ಟದ್ದನ್ನು ಒಡೆಯನಿಗೆ ವಾಪಸ್ ಕೊಟ್ಟ ಅಷ್ಟೇ. ನನ್ನ ತಕರಾರು ಬೇರೆ. ವಾಪಸ್ ಬಂದದ್ದು ಡಿಸ್ಕ್‌ನಲ್ಲಿ ಉಳಿದಿದ್ದು ಮಾತ್ರ. ನೂರಾರು ಶನಿವಾರ ರಾತ್ರಿಗಳಲ್ಲಿ ಜೂಕ್‌ಗಳಲ್ಲಿ ಗಂಟೆಗಟ್ಟಲೆ ನುಡಿಸಿದ್ದು ಯಾವ ಡಿಸ್ಕ್‌ನಲ್ಲೂ ಇರಲಿಲ್ಲ. ಅದನ್ನು ನೆನಪಿಸಬಹುದಾಗಿದ್ದ ಮನುಷ್ಯ ಆ ಜೊತೆಗಾರ, ಅವನು ಸತ್ತು 12 ವರ್ಷವಾಗಿತ್ತು.

ಎರಡನೇ ಬದುಕು

ಹುಡುಕಿದ ಮೂವರಲ್ಲಿ ಒಬ್ಬರು ಮ್ಯಾನೇಜರ್ ಆದರು. ಬ್ಲೂಸ್ ಕಲಾವಿದರಿಗೆಂದೇ ಒಂದು ಏಜೆನ್ಸಿ ತೆರೆದರು. ಇದು ನನ್ನ ಪ್ರಕಾರ ಕಲಿಸಿದ್ದಕ್ಕಿಂತಲೂ ದೊಡ್ಡ ತಿರುವು. ಒಂದು ಕಡೆ 40 ಡಾಲರ್, ಇನ್ನೊಂದು ಕಡೆ ಕೋಕಾಕೋಲಾ, ಹೀಗೆ ನಡೆದಿದ್ದ ಲೆಕ್ಕಕ್ಕೆ ಈಗ ಕರಾರು, ಮುಂಗಡ, ಪ್ರಯಾಣದ ವೆಚ್ಚ ಎಲ್ಲ ಬಂತು. ಕುಡಿತದ ಉಸ್ತುವಾರಿಯೂ ಅವರದ್ದೇ ಆಯಿತು. ವೇದಿಕೆಗೆ ಮೊದಲು ಎಷ್ಟು ಕೊಡಬೇಕು, ಯಾವಾಗ ಬಾಟಲಿ ಬಚ್ಚಿಡಬೇಕು ಅನ್ನುವುದು ದಿನದಿನದ ಕೆಲಸ.

1964ರ ನವೆಂಬರ್‌ನಲ್ಲಿ ಇಂಡಿಯಾನಾ ರಾಜ್ಯದ ವಾಬಾಷ್ ಕಾಲೇಜಿನಲ್ಲಿ ಸಣ್ಣದೊಂದು ಸಭೆಯ ಮುಂದೆ ಕಛೇರಿ. 1965ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಕಂಪನಿಗೆ ಆಲ್ಬಮ್, ನಿರ್ಮಾಪಕರು ಜಾನ್ ಹ್ಯಾಮಂಡ್. ಕಲಿಸಿದ ಹುಡುಗ ಒಂದೆರಡು ಹಾಡಿಗೆ ಪಕ್ಕದಲ್ಲಿ ಕೂತು ನುಡಿಸಿದ, ಉಳಿದದ್ದೆಲ್ಲ ಗಾಯಕ ಒಬ್ಬರೇ. ಆ ವರ್ಷವೇ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್, ನ್ಯೂಪೋರ್ಟ್ ಜಾನಪದ ಉತ್ಸವ. 1967ರಲ್ಲಿ ಯುರೋಪ್ ಪ್ರವಾಸ, 1970ರಲ್ಲಿ ಮತ್ತೊಮ್ಮೆ.

ಆ ಆಲ್ಬಮ್‌ನಲ್ಲಿ ಎರಡು ವಿಷಯ ಗಮನಿಸಬೇಕು.

ಮೊದಲನೆಯದು ಆ ಕಾಗದದ ಹಾಡು. 1930ರಲ್ಲಿ ಅದು ಬೇರೊಂದು ಹಾಡಿನ ಎರಡನೇ ಮಗ್ಗುಲಿನ ಭಾಗವಾಗಿತ್ತು. ಈಗ ಲಾಂಗ್‌ಪ್ಲೇ ಡಿಸ್ಕ್, ಮೂರು ನಿಮಿಷದ ಬೇಲಿ ಇಲ್ಲ. ಆ ತುಣುಕು ಬೆಳೆದು ಆಲ್ಬಮ್‌ನ ಮೊದಲ ಹಾಡಾಯಿತು, ಇಂದು ಅವರ ಹೆಸರಿನ ಜೊತೆ ಎಲ್ಲರ ಬಾಯಲ್ಲೂ ಬರುವುದು ಅದೇ. ಕಾಗದ ಬರುತ್ತದೆ, ಹೊರಡುತ್ತಾರೆ, ಹೆಣ ನೋಡುತ್ತಾರೆ, ಮಣ್ಣು ಮಾಡುತ್ತಾರೆ. ಹೀಗೆ ಒಂದೊಂದೇ ಹೆಜ್ಜೆ ಹಾಡು ನಡೆಯುತ್ತದೆ. 1930ರ ಡಿಸ್ಕ್ ಕೇಳಿಸಿ ಇದನ್ನು ಕಲಿಸಲು ಆಗುವುದಿಲ್ಲ. ಬೆರಳುಗಳಿಗೆ ಲಯ ಸಿಕ್ಕ ಮೇಲೆ ಗಾಯಕ ತಾವೇ ಕಟ್ಟಿಕೊಂಡದ್ದು ಇದು. ಬರೀ ನಕಲು ಮಾಡಿಸಿದರು ಅನ್ನುವವರಿಗೆ ನಾನು ತೋರಿಸುವುದು ಈ ಹಾಡನ್ನೇ.

ಎರಡನೆಯದು ಗಿಟಾರ್ ಇಲ್ಲದ ಎರಡು ಹಾಡು. ಬರೀ ಚಪ್ಪಾಳೆ, ಕಾಲಿನ ತಾಳ, ಗಂಟಲು. ಚಪ್ಪಾಳೆ ಅಲ್ಲಲ್ಲಿ ತಾಳ ಬಿಟ್ಟು ಹೋಗುತ್ತದೆ, ಹಾಡು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಂದು ಹಾಡಂತೂ ನೇರ ಚರ್ಚಿನದು. ಮುಂದಿನ ತಲೆಮಾರಿನ ರಾಕ್ ಸಂಗೀತಗಾರ ಜಾಕ್ ವೈಟ್ ತನಗೆ ಎಲ್ಲಕ್ಕಿಂತ ಇಷ್ಟದ ಹಾಡು ಅಂದದ್ದು ಇವೆರಡರಲ್ಲಿ ಇನ್ನೊಂದನ್ನು. ಯಾರೂ ಕಲಿಸದ, ಯಾವ ಹಳೆಯ ಡಿಸ್ಕ್‌ನಿಂದಲೂ ಎತ್ತಿಕೊಡದ ಭಾಗವೇ ಎಲ್ಲಕ್ಕಿಂತ ದೂರ ಹೋಯಿತು.

ಇಷ್ಟಾಗಿಯೂ ಕೇಳುಗರಿಗೆ ಬೇಕಿದ್ದದ್ದು ಬೇರೆ. ಲೋಹದ ಮೈಯ ಗಿಟಾರ್, ಬೆರಳಿನ ಕೊಳವೆ, ಹಿಂದಕ್ಕೆ ವಾಲಿದ ತಲೆ, ಮೇಲಕ್ಕೆ ಹೊರಳಿದ ಕಣ್ಣು. ಡೆಲ್ಟಾ ಅಂದರೆ ಹೀಗಿರಬೇಕು ಅನ್ನುವ ಚಿತ್ರ ಅವರ ತಲೆಯಲ್ಲಿ ಮೊದಲೇ ಇತ್ತು. ಗಾಯಕ ಹಾಡುಗಳ ನಡುವೆ ಉದ್ದುದ್ದ ಮಾತಾಡುತ್ತಿದ್ದರು. ದೇವರು, ಗಂಡು ಹೆಣ್ಣಿನ ಸಂಬಂಧ, ಹಳೆಯ ಗೆಳೆಯರು, ಬ್ಲೂಸ್ ಅಂದರೆ ಏನು, ಹೀಗೆ. ಕೆಲವರು ಅದನ್ನು ಹಾಡಿಗೆ ಮುಂಚಿನ ಕಾಲಹರಣ ಅಂದುಕೊಂಡರು. ನನಗೆ ಅದು ಪ್ರವಚನ. 15ನೇ ವಯಸ್ಸಿನ ಹುಡುಗ ಪಾದ್ರಿ ಎಲ್ಲೂ ಹೋಗಿರಲಿಲ್ಲ. ಅವನಿಗೆ ಈಗ ಸಿಕ್ಕ ಸಭೆಯ ಭಾಷೆ ಬೇರೆ, ಬಣ್ಣ ಬೇರೆ ಅಷ್ಟೇ.

ರಾಚೆಸ್ಟರ್‌ನಲ್ಲೇ ಅವರ ಸುತ್ತಲಿನ ಜನಕ್ಕೆ ಬೇರೆ ಚಿಂತೆಗಳಿದ್ದವು. ಗಾಯಕ ಸಿಕ್ಕ ಮರುತಿಂಗಳೇ ಆ ಊರಿನ ಕಪ್ಪು ಬಡಾವಣೆಗಳಲ್ಲಿ ದಂಗೆ ಎದ್ದು, ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯನ್ನು ಕರೆಸಬೇಕಾಯಿತು. ಹಳೆಯ ಡೆಲ್ಟಾ ಬ್ಲೂಸ್ ಆ ಬಡಾವಣೆಯ ಹುಡುಗರ ಸಂಗೀತ ಆಗಿರಲಿಲ್ಲ. ಬಿಟ್ಟು ಬಂದ ಊರಿನ ಬಡತನ ನೆನಪಿಸುವ ಹಾಡು ಯಾರಿಗೆ ಬೇಕು? ಅವರ ಎರಡನೇ ಬದುಕಿನ ಕೇಳುಗರು ಬಹುತೇಕ ಬಿಳಿಯರು, ಕಾಲೇಜಿನವರು.

ಹತ್ತು ವರ್ಷ ನಡೆಯಿತು. ಕೊನೆಕೊನೆಗೆ ಕೈ ಕೆಡುತ್ತಾ ಬಂತು. 1974ರಲ್ಲಿ ನಿಲ್ಲಿಸಿ, ಡೆಟ್ರಾಯಿಟ್‌ಗೆ ಹೋಗಿ ನೆಲೆಸಿದರು. 1988ರ ಅಕ್ಟೋಬರ್‌ನಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಮಾಧಿಗೆ ಕಲ್ಲು ನಿಲ್ಲಿಸಲು ಅಲ್ಲಿನ ಬ್ಲೂಸ್ ಸಂಘದವರು ಸಹಾಯಾರ್ಥ ಕಛೇರಿ ಮಾಡಿ ಹಣ ಕೂಡಿಸಿದರು.

ಏನು ತೆಗೆದುಕೊಳ್ಳಬಹುದು

ಹಳೆಯ ಕಲಾವಿದರನ್ನು ಹುಡುಕಿ ದಾಖಲಿಸುವ ಕೆಲಸ ನಮ್ಮಲ್ಲೂ ಉತ್ಸಾಹದಿಂದ ನಡೆಯುತ್ತದೆ. ಅಂಥವರಿಗೆ ಈ ಪ್ರಕರಣ ಉಪಯೋಗಕ್ಕೆ ಬರಬಹುದು ಅಂತಲೇ ಬರೆದೆ.

ಮರೆತದ್ದನ್ನು ನೆನಪಿಸುವುದು ತಪ್ಪಲ್ಲ, ಯಾರದ್ದನ್ನು ಯಾರಿಗೆ ನೆನಪಿಸುತ್ತಿದ್ದೇವೆ ಅನ್ನುವುದು ಸ್ಪಷ್ಟ ಇದ್ದರೆ. ಆ ಹುಡುಗ ತನ್ನ ರುಚಿಯ ಬ್ಲೂಸ್ ಕಲಿಸಲಿಲ್ಲ, ಅವರದ್ದನ್ನೇ ತೋರಿಸಿದ. ಆಮೇಲೆ ಆಲ್ಬಮ್‌ನಲ್ಲಿ ಪಕ್ಕಕ್ಕೆ ಸರಿದು ಕೂತ. ಕಲಿಸುವುದರಷ್ಟೇ ಕಷ್ಟದ ಕೆಲಸ ಅದು. ಜೊತೆಗೆ, ಮೊದಲ ದಿನ, ಕಲಿಸಲು ಶುರು ಮಾಡುವ ಮುಂಚೆ, ಕಲಾವಿದರು ಈಗ ಹೇಗಿದ್ದಾರೋ ಹಾಗೆಯೇ ಗಂಟೆಗಟ್ಟಲೆ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ತಪ್ಪು, ತಡವರಿಕೆ, ಅರ್ಧ ಹಾಡು, ಚರ್ಚಿನ ಹಾಡು, ಮಾತು, ಎಲ್ಲ. ನಾವು ಕಲಿಸಿದ ಮೇಲೆ ಆ ಸ್ಥಿತಿ ಮತ್ತೆ ಸಿಗುವುದಿಲ್ಲ.

ದುಡ್ಡಿನ ಮಾತು ಮುಜುಗರ ಅಂತ ಕೊನೆಗೆ ಇಡುತ್ತೇವೆ. ಇಲ್ಲಿ ಅದು ಮೊದಲೇ ಬಂದದ್ದರಿಂದ ಗಾಯಕನಿಗೆ ಹತ್ತು ವರ್ಷದ ಸಂಪಾದನೆ ಆಯಿತು. ಕುಡಿತದ ವಿಷಯದಲ್ಲಿ ಮಾತ್ರ ಇಡೀ ಏರ್ಪಾಡು ಸೋತಿತು ಅಂತ ನನ್ನ ಅಭಿಪ್ರಾಯ. ಕಾರ್ಯಕ್ರಮ ನಡೆಯಲಿ ಅಂತ ಅಳತೆ ಮಾಡಿ ಕೊಡುವುದು ಆ ಸಂಜೆಗೆ ಸರಿ, ಹತ್ತು ವರ್ಷಕ್ಕೆ ಸರಿಯಲ್ಲ. ಆ ಕಾಲದಲ್ಲಿ ಬೇರೆ ದಾರಿ ಸುಲಭವಾಗಿರಲಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ.

ಈ ಪ್ರಕರಣ ಇನ್ನೂ ಪೂರ್ತಿ ಮುಗಿದಿಲ್ಲ ಅನ್ನಲು ಒಂದು ಕಾರಣ ಇದೆ. 1964ರ ನವೆಂಬರ್‌ನ ಆ ಕಾಲೇಜು ಸಭೆಯ ಟೇಪು ದಶಕಗಟ್ಟಲೆ ಮ್ಯಾನೇಜರ್ ಬಳಿ ಇದ್ದು, 2022ರಲ್ಲಿ ಆಲ್ಬಮ್ ಆಗಿ ಬಂತು. ಕೊಲಂಬಿಯಾ ಸ್ಟುಡಿಯೋಗೆ ಹೋಗುವುದಕ್ಕೆ ಐದು ತಿಂಗಳು ಮುಂಚಿನ ಧ್ವನಿ ಅದು. 1965ರ ಆಲ್ಬಮ್ ಕೇಳಿ ಇದನ್ನು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇಲ್ಲಿ ಪೆಟ್ಟು ಮೆತ್ತಗೆ, ಹಾಡಿಗೆ ಅವಸರ ಇಲ್ಲ, ದೊಡ್ಡ ಸಭೆಯನ್ನು ಹಿಡಿದಿಡುವ ಆರ್ಭಟ ಇನ್ನೂ ಬಂದಿಲ್ಲ. ಅಂದರೆ ನಾವು ಅಪ್ಪಟ ಡೆಲ್ಟಾ ಅಂತ ಇಷ್ಟು ವರ್ಷ ಕೇಳಿದ ಆ ಆರ್ಭಟದಲ್ಲಿ ಎಷ್ಟು 1930ರದು, ಎಷ್ಟು ಐದು ತಿಂಗಳ ವೇದಿಕೆ ಕಲಿಸಿದ್ದು ಅನ್ನುವ ಪ್ರಶ್ನೆ ಈಗ ಹೊಸದಾಗಿ ಎದ್ದಿದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು, ಕಾಗದದ ಹಾಡಿನಿಂದ ಶುರು ಮಾಡಿ ನೋಡಿ.